ಕಟ್ಟಡದೊಳಗಿನ ದಾರಿ: ಕೂಗುವವರು ಯಾರು, ಕೇಳಿಸಿಕೊಳ್ಳುವವರು ಯಾರು?

(ಮಹಿಳಾ ವೇದಿಕೆಯ ಮಾಸಿಕ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ತಂತ್ರಜ್ಞಾನದ ಬಗ್ಗೆ ಮಾತಾಡಿ, ಆದರೆ ನಮಗೆ ಉಪಯೋಗಕ್ಕೆ ಬರುವ ಹಾಗೆ ಮಾತಾಡಿ ಎಂದು ಸಮಿತಿಯವರು ಹೇಳಿದ್ದಾರೆ. ಆದ್ದರಿಂದ ನಮ್ಮೆಲ್ಲರ ಅನುಭವಕ್ಕೆ ಬಂದಿರುವ ಒಂದು ಪ್ರಶ್ನೆಯಿಂದ ಶುರು ಮಾಡುತ್ತೇನೆ. ಅಂಧೇರಿಯಿಂದ ಪರೇಲಿನ ಆಸ್ಪತ್ರೆಯ ಗೇಟಿನವರೆಗೆ ಫೋನಿನ ಮ್ಯಾಪ್ ನಮ್ಮನ್ನು ಕೈಹಿಡಿದು ಕರೆದುಕೊಂಡು ಹೋಗುತ್ತದೆ. ಎಲ್ಲಿ ಎಡಕ್ಕೆ ತಿರುಗಬೇಕು, ಎಲ್ಲಿ ಫ್ಲೈಓವರ್ ಹತ್ತಬೇಕು ಎಲ್ಲವನ್ನೂ ಹೇಳುತ್ತದೆ. ಗೇಟು ದಾಟಿ ಒಳಗೆ ಹೋದೆವೋ, ಮ್ಯಾಪ್ ಮೂಕವಾಗುತ್ತದೆ. ಎಕ್ಸ್‌ರೇ ಯಾವ ಮಹಡಿ, ರಕ್ತಪರೀಕ್ಷೆ ಯಾವ ಕಡೆ, ಬಿಲ್ ಕಟ್ಟುವ ಕಿಟಕಿ ಎಲ್ಲಿ ಎಂದು ವಾಚ್‌ಮನ್ ಅವರನ್ನು ಕೇಳಬೇಕು, ವಾರ್ಡ್ ಬಾಯ್‌ನನ್ನು ಕೇಳಬೇಕು. ಅಷ್ಟು ದೂರದ ದಾರಿ ಹೇಳಿದ ಫೋನಿಗೆ ಮೂವತ್ತು ಮೀಟರ್ ದಾರಿ ಯಾಕೆ ಗೊತ್ತಾಗುವುದಿಲ್ಲ?

ಕಾರಣ ಸರಳ. ಫೋನಿಗೆ ದಾರಿ ಹೇಳುವ ಜಿಪಿಎಸ್ ಉಪಗ್ರಹಗಳು ನಮ್ಮ ತಲೆಯ ಮೇಲೆ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಿವೆ. ಅಷ್ಟು ದೂರದಿಂದ ಬರುವ ಸಂಕೇತ ನೆಲ ಮುಟ್ಟುವಾಗ ಬಹಳ ಕ್ಷೀಣವಾಗಿರುತ್ತದೆ. ತೆರೆದ ಆಕಾಶವಿದ್ದರೆ ಫೋನ್ ಅದನ್ನು ಹೇಗೋ ಹಿಡಿದುಕೊಳ್ಳುತ್ತದೆ. ಕಾಂಕ್ರೀಟಿನ ನಾಲ್ಕು ಮಹಡಿಗಳು ಅಡ್ಡ ಬಂದರೆ ಆಗುವುದಿಲ್ಲ. ಹಾಗಾಗಿ ಕಟ್ಟಡದ ಒಳಗೆ ದಾರಿ ಹೇಳಬೇಕಾದರೆ ಸಂಕೇತವೂ ಕಟ್ಟಡದ ಒಳಗಿನಿಂದಲೇ ಬರಬೇಕು. ಆ ಕೆಲಸಕ್ಕೆ ಬಂದ ಪುಟ್ಟ ಸಾಧನದ ಹೆಸರು ಬೀಕನ್. ಬೀಕನ್ ಎಂದರೆ ದಾರಿದೀಪ ಎಂದುಕೊಳ್ಳಿ.

ಬೀಕನ್ನಿನ ಒಳಗೆ ಒಂದು ಚಿಕ್ಕ ಚಿಪ್, ಒಂದು ಬ್ಯಾಟರಿ ಇರುತ್ತದೆ. ನಾಣ್ಯದಂಥ ಗುಂಡಗಿನ ಬ್ಯಾಟರಿಯಿಂದ ನಡೆಯುವ ಬೀಕನ್ನುಗಳೂ ಇವೆ. ಗೋಡೆಗೋ ಛಾವಣಿಗೋ ಅಂಟಿಸಿಬಿಟ್ಟರೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಬ್ಯಾಟರಿ ಬದಲಿಸದೆ ನಡೆಯುತ್ತದೆ. ಇದು ಸಾಧ್ಯವಾದದ್ದು ಕಡಿಮೆ ವಿದ್ಯುತ್ತಿನಲ್ಲಿ ಕೆಲಸ ಮಾಡುವ ಬ್ಲೂಟೂತ್‌ನಿಂದ. ಅದು ಬ್ಲೂಟೂತ್‌ನ 4.0 ಆವೃತ್ತಿಯೊಡನೆ 2010ರಲ್ಲಿ ಬಂತು. 2013ರಲ್ಲಿ ಆಪಲ್ ಕಂಪನಿ ಐಬೀಕನ್ ಎಂಬ ಪದ್ಧತಿಯನ್ನು ಪ್ರಕಟಿಸಿತು, 2015ರಲ್ಲಿ ಗೂಗಲ್ ಎಡ್ಡಿಸ್ಟೋನ್ ಎಂಬುದನ್ನು ತಂದಿತು.

ಈ ಬೀಕನ್ ಏನು ಹೇಳುತ್ತದೆ? ನಮ್ಮ ಲೋಕಲ್ ಸ್ಟೇಷನ್ನುಗಳ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ವಿಕಲಚೇತನರ ಡಬ್ಬಿ ಬಂದು ನಿಲ್ಲುವ ಜಾಗದಲ್ಲಿ 'ಬೀಪ್ ಬೀಪ್' ಎಂದು ಸದ್ದು ಮಾಡುವ ಸಾಧನಗಳನ್ನು ಹಾಕಿರುವುದನ್ನು ನೀವು ಕೇಳಿರಬಹುದು. ಕಣ್ಣು ಕಾಣದವರು ಆ ಸದ್ದು ಹಿಡಿದು ಅಲ್ಲಿ ಹೋಗಿ ನಿಲ್ಲುತ್ತಾರೆ. ಆ ಸಾಧನಕ್ಕೆ ಕಿವಿ ಇಲ್ಲ. ಯಾರು ಬಂದರು, ಎಷ್ಟು ಜನ ಬಂದರು ಎಂಬುದು ಅದಕ್ಕೆ ತಿಳಿಯುವುದಿಲ್ಲ. 'ಇಲ್ಲಿದೆ, ಇಲ್ಲಿದೆ' ಎನ್ನುವುದಷ್ಟೇ ಅದರ ಕೆಲಸ. ಐಬೀಕನ್ ಕೂಡ ಹಾಗೆಯೇ. ಅದು ಒಂದು ಸೆಕೆಂಡಿಗೆ ಹಲವು ಬಾರಿ ತನ್ನ ಗುರುತಿನ ಸಂಖ್ಯೆಗಳನ್ನು ರೇಡಿಯೋ ತರಂಗದಲ್ಲಿ ಕೂಗುತ್ತದೆ: ನಾನು ಇಂಥ ಸಂಸ್ಥೆಯದು, ಇಂಥ ಕಟ್ಟಡದ್ದು, ಇಂಥ ಮೂಲೆಯದು. ಜೊತೆಗೆ, 'ಒಂದು ಮೀಟರ್ ದೂರದಲ್ಲಿ ನಿಂತರೆ ನನ್ನ ಕೂಗು ಇಷ್ಟು ಜೋರಾಗಿ ಕೇಳಿಸುತ್ತದೆ' ಎಂಬ ಇನ್ನೊಂದು ಸಂಖ್ಯೆ. ಅಷ್ಟೇ. ಆ ಸಂಖ್ಯೆಗಳನ್ನು ಕೇಳಿಸಿಕೊಂಡು 'ಓಹೋ, ನಾನು ಎರಡನೇ ಮಹಡಿಯ ಲಿಫ್ಟಿನ ಪಕ್ಕ ಇದ್ದೇನೆ' ಎಂದು ಲೆಕ್ಕ ಹಾಕುವುದು ನಮ್ಮ ಫೋನು.

ಲೆಕ್ಕ ಹೇಗೆ? ಬೆಳಿಗ್ಗೆ ಹತ್ತು ಗಂಟೆಗೆ ನಮ್ಮ ಬಿಲ್ಡಿಂಗಿನಲ್ಲಿ ಕುಕ್ಕರ್ ಕೂಗುತ್ತದೆ. ನಮ್ಮದೋ ಪಕ್ಕದ ಮನೆಯದೋ ಮೇಲಿನ ಮಹಡಿಯದೋ ಎಂದು ಅದರ ಜೋರಿನಿಂದಲೇ ಹೇಳುತ್ತೇವೆ. ಫೋನು ಮಾಡುವುದೂ ಅದನ್ನೇ. ತೆರೆದ ಜಾಗದಲ್ಲಿ ದೂರ ಎರಡು ಪಟ್ಟಾದರೆ ಸಂಕೇತದ ಬಲ ಕಾಲು ಭಾಗಕ್ಕೆ ಇಳಿಯುತ್ತದೆ. ಮೂರು ನಾಲ್ಕು ಬೀಕನ್ನುಗಳ ಜೋರನ್ನು ಹೋಲಿಸಿದರೆ ತಾನು ಎಲ್ಲಿದ್ದೇನೆ ಎಂದು ಫೋನು ಅಂದಾಜು ಮಾಡಬಲ್ಲದು.

ಆದರೆ ಪಕ್ಕದ ಮನೆಯವರು ಅಡುಗೆಮನೆಯ ಬಾಗಿಲು ಹಾಕಿಕೊಂಡರೆ ಅವರ ಕುಕ್ಕರ್ ದೂರದಲ್ಲಿ ಕೂಗಿದ ಹಾಗೆ ಕೇಳಿಸುತ್ತದಲ್ಲವೇ? ಇಲ್ಲಿಯೂ ಅದೇ ತೊಂದರೆ. ಬ್ಲೂಟೂತ್ ಬಳಸುವ ತರಂಗ ಸುಮಾರು 2.4 ಗಿಗಾಹರ್ಟ್ಸ್‌ನದು. ನಮ್ಮ ಮೈಕ್ರೋವೇವ್ ಒಲೆಯೂ ಅದೇ ಆಸುಪಾಸಿನ ತರಂಗವನ್ನು ಬಳಸುತ್ತದೆ. ಹೆದರಬೇಡಿ, ಒಲೆಯ ಶಕ್ತಿ ನೂರಾರು ವ್ಯಾಟ್, ಬೀಕನ್ನಿನದು ಮಿಲಿವ್ಯಾಟ್ ಲೆಕ್ಕದ್ದು. ಈ ತರಂಗವನ್ನು ನೀರು ಹೀರುತ್ತದೆ, ನಮ್ಮ ಮೈಯಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ ಇದೆ. ಆದ್ದರಿಂದ ಹತ್ತು ಜನ ಅಡ್ಡ ನಿಂತರೆ ಹತ್ತಿರದ ಬೀಕನ್ ದೂರದ್ದಾಗಿ ತೋರುತ್ತದೆ. ಕಬ್ಬಿಣದ ಕಪಾಟು ಇದ್ದರೆ ತರಂಗ ಅದಕ್ಕೆ ಬಡಿದು ಇನ್ನೊಂದು ಕಡೆಯಿಂದ ಬರುತ್ತದೆ. ಇದಕ್ಕೆ ತಜ್ಞರು ಕಂಡುಕೊಂಡ ಉಪಾಯವೆಂದರೆ, ಮೊದಲೇ ಕಟ್ಟಡದ ತುಂಬ ನಡೆದಾಡಿ, ಯಾವ ಜಾಗದಲ್ಲಿ ಯಾವ ಬೀಕನ್ ಎಷ್ಟು ಜೋರಾಗಿ ಕೇಳಿಸುತ್ತದೆ ಎಂದು ಬರೆದಿಟ್ಟುಕೊಳ್ಳುವುದು. ಆಮೇಲೆ ಫೋನು ತನಗೆ ಕೇಳಿಸಿದ್ದನ್ನು ಆ ಪಟ್ಟಿಯ ಜೊತೆ ತಾಳೆ ನೋಡುತ್ತದೆ. ಲಂಡನ್ನಿನ ಗ್ಯಾಟ್‌ವಿಕ್ ವಿಮಾನ ನಿಲ್ದಾಣದಲ್ಲಿ 2017ರಲ್ಲಿ ಎರಡು ಟರ್ಮಿನಲ್‌ಗಳಿಗೆ ಸುಮಾರು 2,000 ಬೀಕನ್ನುಗಳನ್ನು ಹಾಕಿದರು. ಆಗ ಅವರು ಹೇಳಿದ ನಿಖರತೆ ಮೂರು ಮೀಟರ್ ಆಚೀಚೆ. ಅಂಗಡಿ ಹುಡುಕಲು ಅಷ್ಟು ಸಾಕು.

ಇಲ್ಲಿಯವರೆಗೆ ಹೇಳಿದ್ದು ಯಂತ್ರದ ವಿಷಯ. ಇನ್ನು ನಾನು ನಿಜವಾಗಿ ಹೇಳಬೇಕೆಂದು ಬಂದ ಮಾತಿಗೆ ಬರುತ್ತೇನೆ.

ಕಟ್ಟಡದೊಳಗೆ ಒಬ್ಬರು ಎಲ್ಲಿದ್ದಾರೆ ಎಂದು ಕಂಡುಹಿಡಿಯಲು ಎರಡು ದಾರಿಗಳಿವೆ. ಗೋಡೆ ಕೂಗಬಹುದು, ನಾವು ಕೇಳಿಸಿಕೊಳ್ಳಬಹುದು. ಅಥವಾ ನಾವು ಕೂಗಬಹುದು, ಗೋಡೆ ಕೇಳಿಸಿಕೊಳ್ಳಬಹುದು. ಎರಡೂ ಒಂದೇ ಎಂದು ಮೇಲ್ನೋಟಕ್ಕೆ ಅನ್ನಿಸುತ್ತದೆ, ಆದರೆ ಬಹಳ ವ್ಯತ್ಯಾಸವಿದೆ.

1990ರ ಸುಮಾರಿಗೆ ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿದ್ದ ಒಲಿವೆಟ್ಟಿ ಸಂಶೋಧನಾಲಯದವರು 'ಆಕ್ಟಿವ್ ಬ್ಯಾಡ್ಜ್' ಎಂಬುದನ್ನು ಮಾಡಿದರು. ನೌಕರರು ಎದೆಯ ಮೇಲೆ ಒಂದು ಬಿಲ್ಲೆ ಹಾಕಿಕೊಳ್ಳಬೇಕು. ಟಿವಿ ರಿಮೋಟಿನಂತೆ ಅದು ಹದಿನೈದು ಸೆಕೆಂಡಿಗೊಮ್ಮೆ ತನ್ನ ಗುರುತನ್ನು ಅವಗೆಂಪು ಬೆಳಕಿನಲ್ಲಿ ಕಳಿಸುತ್ತದೆ. ಕೋಣೆಗಳಲ್ಲಿರುವ ಗ್ರಾಹಕಗಳು ಅದನ್ನು ಹಿಡಿದು ಕಂಪ್ಯೂಟರಿಗೆ ಹೇಳುತ್ತವೆ. ಉದ್ದೇಶ ಒಳ್ಳೆಯದೇ ಆಗಿತ್ತು. ಯಾರಿಗಾದರೂ ದೂರವಾಣಿ ಕರೆ ಬಂದರೆ ಅವರು ಇರುವ ಕೋಣೆಗೇ ಅದನ್ನು ತಿರುಗಿಸಬಹುದಿತ್ತು. ಆದರೆ ಯಾರು ಯಾವ ಕೋಣೆಯಲ್ಲಿದ್ದಾರೆ ಎಂಬ ಲೆಕ್ಕವೆಲ್ಲ ಕಟ್ಟಡದ ಕಂಪ್ಯೂಟರಿನಲ್ಲಿ ಉಳಿಯಿತು. ಇಲ್ಲಿ ಕೂಗುವವರು ಮನುಷ್ಯರು.

2000ದಲ್ಲಿ ಅಮೆರಿಕದ ಎಂಐಟಿಯಲ್ಲಿ ಹರಿ ಬಾಲಕೃಷ್ಣನ್ ಮತ್ತು ಅವರ ವಿದ್ಯಾರ್ಥಿಗಳು 'ಕ್ರಿಕೆಟ್' ಎಂಬ ವ್ಯವಸ್ಥೆಯನ್ನು ಪ್ರಕಟಿಸಿದರು. ಆಟದ ಕ್ರಿಕೆಟ್ ಅಲ್ಲ, ಚೀರುವ ಜೀರುಂಡೆಯ ಹೆಸರು. ಇಲ್ಲಿ ಗೋಡೆ, ಛಾವಣಿಗಳಲ್ಲಿರುವ ಬೀಕನ್ನುಗಳು ರೇಡಿಯೋ ಸಂಕೇತವನ್ನೂ ನಮ್ಮ ಕಿವಿಗೆ ಕೇಳಿಸದ ಶಬ್ದವನ್ನೂ ಒಟ್ಟಿಗೆ ಬಿಡುತ್ತವೆ. ಮಿಂಚು ಮೊದಲು, ಗುಡುಗು ಆಮೇಲೆ. ಎರಡರ ನಡುವಿನ ಅಂತರದಿಂದ ಸಿಡಿಲು ಎಷ್ಟು ದೂರ ಎಂದು ಊರಿನಲ್ಲಿ ಅಂದಾಜು ಮಾಡುತ್ತಿದ್ದೆವಲ್ಲ, ಹಾಗೆಯೇ ಕೈಯಲ್ಲಿರುವ ಯಂತ್ರ ತನ್ನ ದೂರವನ್ನು ತಾನೇ ಲೆಕ್ಕ ಹಾಕುತ್ತದೆ. ಕಟ್ಟಡಕ್ಕೆ ಏನೂ ತಿಳಿಯುವುದಿಲ್ಲ. ಜನರ ಖಾಸಗಿತನ ಉಳಿಯಬೇಕೆಂಬುದು ಆ ವ್ಯವಸ್ಥೆಯ ಉದ್ದೇಶಗಳಲ್ಲೇ ಒಂದಾಗಿತ್ತು.

ಈ ಎರಡು ದಾರಿಗಳನ್ನು ನೆನಪಿಟ್ಟುಕೊಂಡರೆ ಇವತ್ತಿನ ಫೋನು, ಆ್ಯಪ್, ಟ್ಯಾಗ್ ಎಲ್ಲವೂ ಸಲೀಸಾಗಿ ಅರ್ಥವಾಗುತ್ತವೆ.

ಮೊದಲು ಗೋಡೆ ಕೂಗುವ ದಾರಿಯ ಒಂದು ಒಳ್ಳೆಯ ಉದಾಹರಣೆ. ಜಪಾನಿನ ಚಿಯೆಕೊ ಅಸಕಾವಾ ಎಂಬ ಮಹಿಳೆ. ಹನ್ನೊಂದನೆಯ ವಯಸ್ಸಿನಲ್ಲಿ ಈಜುಕೊಳದಲ್ಲಿ ಕಣ್ಣಿಗೆ ಪೆಟ್ಟಾಯಿತು, ಹದಿನಾಲ್ಕಕ್ಕೆ ದೃಷ್ಟಿ ಪೂರ್ತಿ ಹೋಯಿತು. 1985ರಲ್ಲಿ ಐಬಿಎಂ ಸೇರಿದರು. ಇಂಟರ್ನೆಟ್ಟಿನ ಪುಟಗಳನ್ನು ಗಟ್ಟಿಯಾಗಿ ಓದಿ ಹೇಳುವ 'ಹೋಮ್ ಪೇಜ್ ರೀಡರ್' ಎಂಬ ತಂತ್ರಾಂಶವನ್ನು 1997ರಲ್ಲಿ ತಂದರು. ಓದುವ ದಾರಿ ತೆರೆಯಿತು, ನಡೆಯುವ ದಾರಿ ಉಳಿದಿತ್ತು. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಅವರೂ ಸಂಗಡಿಗರೂ 'ನ್ಯಾವ್‌ಕಾಗ್' ಎಂಬ ಆ್ಯಪ್ ಮಾಡಿದರು. ದಾರಿಯುದ್ದಕ್ಕೂ ಬ್ಲೂಟೂತ್ ಬೀಕನ್ನುಗಳು. ಅವುಗಳ ಕೂಗಿನ ಜೊತೆಗೆ ಫೋನಿನಲ್ಲೇ ಇರುವ, ಹೆಜ್ಜೆಯನ್ನೂ ತಿರುವನ್ನೂ ಅಳೆಯುವ ಸಾಧನಗಳನ್ನು ಸೇರಿಸಿ, ಒಂದೆರಡು ಮೀಟರ್ ಆಸುಪಾಸಿನ ನಿಖರತೆಯಲ್ಲಿ ಫೋನು ಕಿವಿಯಲ್ಲಿ ಹೇಳುತ್ತದೆ: ಇಷ್ಟು ದೂರ ನೇರ ನಡೆಯಿರಿ, ಈಗ ಬಲಕ್ಕೆ ತಿರುಗಿ, ಮುಂದೆ ಬಾಗಿಲಿದೆ. ಟೋಕಿಯೊದ ನಿಹೊಂಬಾಶಿಯ ಒಂದು ಮಾಲ್‌ನಲ್ಲಿ, ಪಿಟ್ಸ್‌ಬರ್ಗ್ ವಿಮಾನ ನಿಲ್ದಾಣದಲ್ಲಿ ಇದನ್ನು ಪ್ರಯೋಗಿಸಿ ನೋಡಿದ್ದಾರೆ. 2021ರಿಂದ ಅವರು ಟೋಕಿಯೊದ ಮಿರೈಕನ್ ವಿಜ್ಞಾನ ಸಂಗ್ರಹಾಲಯದ ಮುಖ್ಯಸ್ಥೆ.

ಕಣ್ಣಿರುವ ನಮಗೆ ಮೂರು ಮೀಟರ್ ತಪ್ಪಿದರೆ ಏನೂ ಆಗುವುದಿಲ್ಲ, ಬೋರ್ಡು ನೋಡುತ್ತೇವೆ. ಕಣ್ಣಿಲ್ಲದವರಿಗೆ ಮೂರು ಮೀಟರ್ ಎಂದರೆ ಲಿಫ್ಟಿಗೂ ಮೆಟ್ಟಿಲಿಗೂ ಇರುವ ಅಂತರ. ಮಹಿಳೆಯರ ಶೌಚಾಲಯಕ್ಕೂ ಪುರುಷರ ಶೌಚಾಲಯಕ್ಕೂ ಇರುವ ಅಂತರ. ಒಬ್ಬಳೇ ಹೋಗಿ ಬರಬಲ್ಲೆನೋ, ಇಲ್ಲ ಪ್ರತಿಸಲವೂ ಯಾರಾದರೂ ಅಪರಿಚಿತರ ಕೈ ಹಿಡಿಯಬೇಕೋ ಎಂಬುದು ಹೆಣ್ಣಿಗೆ ಸಣ್ಣ ಪ್ರಶ್ನೆಯಲ್ಲ. ಈ ತಂತ್ರಜ್ಞಾನದ ನಿಜವಾದ ಬೆಲೆ ಇಲ್ಲಿದೆ ಎಂದು ನನಗನ್ನಿಸುತ್ತದೆ.

ಈಗ ಅಂಗಡಿಯ ಕಡೆ ಬರೋಣ. ಬೀಕನ್ ಬಂದ ಹೊಸದರಲ್ಲಿ ವ್ಯಾಪಾರಿಗಳಿಗೆ ಬಹಳ ಆಸೆ ಹುಟ್ಟಿತ್ತು. ಗಿರಾಕಿ ಸೀರೆಯ ವಿಭಾಗದ ಮುಂದೆ ನಿಂತ ತಕ್ಷಣ ಅವಳ ಫೋನಿಗೆ ರಿಯಾಯಿತಿಯ ಸಂದೇಶ ಕಳಿಸಬಹುದು ಎಂದು. ಜನ ಬೇಸತ್ತರು. ಸಂಬಂಧವಿಲ್ಲದ ಕಿರಿಕಿರಿಯ ಸಂದೇಶಗಳು ಹೆಚ್ಚಾದವು ಎಂಬ ಕಾರಣ ಕೊಟ್ಟು ಗೂಗಲ್ ಆಂಡ್ರಾಯ್ಡ್ ಫೋನುಗಳಲ್ಲಿ ಇಂಥ ಸಂದೇಶ ತೋರಿಸುವ ತನ್ನ ಸೇವೆಯನ್ನು 2018ರ ಡಿಸೆಂಬರಿನಲ್ಲಿ ನಿಲ್ಲಿಸಿತು.

ಇಲ್ಲಿ ಒಂದು ಸೂಕ್ಷ್ಮವಿದೆ. ಬೀಕನ್ನಿಗೆ ಕಿವಿ ಇಲ್ಲ ಎಂದೆ. ಆದರೆ ನಮ್ಮ ಫೋನಿನಲ್ಲಿರುವ ಆ್ಯಪ್‌ಗೆ ಕಿವಿಯೂ ಇದೆ, ಬಾಯಿಯೂ ಇದೆ. ಅಂಗಡಿಯ ಆ್ಯಪ್ ಹಾಕಿಕೊಂಡು, ಅದು ಕೇಳಿದ ಅನುಮತಿಗಳಿಗೆಲ್ಲ 'ಆಯ್ತು, ಆಯ್ತು' ಎಂದು ಒತ್ತಿದ್ದರೆ, ಆ್ಯಪ್ ಬೀಕನ್ನಿನ ಕೂಗನ್ನು ಕೇಳಿಸಿಕೊಂಡು 'ಇವರು ಇಷ್ಟು ಗಂಟೆಗೆ ಈ ಕಪಾಟಿನ ಮುಂದೆ ಇದ್ದರು' ಎಂದು ತನ್ನ ಯಜಮಾನರಿಗೆ ಇಂಟರ್ನೆಟ್ ಮೂಲಕ ಹೇಳಬಲ್ಲದು. ಬಟ್ಟೆ ಅಂಗಡಿಗೆ ಇದು ತಿಳಿದರೆ ಹೋಗಲಿ ಎನ್ನಬಹುದು. ಔಷಧಿ ಅಂಗಡಿಯಲ್ಲಿ ಯಾವ ಕಪಾಟು, ಆಸ್ಪತ್ರೆಯಲ್ಲಿ ಯಾವ ವಿಭಾಗ ಎಂಬುದು ಹಾಗಲ್ಲ. ಮನೆಯವರಿಗೂ ಹೇಳದ ವಿಷಯ ಯಾವುದೋ ಕಂಪನಿಗೆ ಯಾಕೆ ತಿಳಿಯಬೇಕು?

ಆದ್ದರಿಂದ ಒಂದು ಸಣ್ಣ ಕೆಲಸ. ಐಫೋನ್ ಇದ್ದವರು ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ ಅಂಡ್ ಸೆಕ್ಯುರಿಟಿ, ಅದರೊಳಗೆ ಬ್ಲೂಟೂತ್ ಮತ್ತು ಲೊಕೇಶನ್ ನೋಡಿ. ಆಂಡ್ರಾಯ್ಡ್ 12 ಅಥವಾ ನಂತರದ್ದು ಇದ್ದವರು ಆ್ಯಪ್‌ಗಳ ಅನುಮತಿಯಲ್ಲಿ 'ನಿಯರ್‌ಬೈ ಡಿವೈಸಸ್' ಮತ್ತು 'ಲೊಕೇಶನ್' ನೋಡಿ. ಅಲ್ಲಿ ಆ್ಯಪ್‌ಗಳ ಪಟ್ಟಿ ಇರುತ್ತದೆ. ಕಿವಿಗೆ ಹಾಕುವ ಇಯರ್‌ಫೋನಿಗೋ ಕೈಗಡಿಯಾರಕ್ಕೋ ಬ್ಲೂಟೂತ್ ಬೇಕು, ಸರಿ. ಬೇಳೆ ತರಿಸುವ ಆ್ಯಪ್‌ಗೆ ಯಾಕೆ? ಬೇಡ ಎನ್ನಿಸಿದ್ದನ್ನು ತೆಗೆದುಹಾಕಿ. ಕೆಲಸ ನಿಂತರೆ ಮತ್ತೆ ಕೊಡಬಹುದು.

ಇನ್ನು ಎರಡನೆಯ ದಾರಿ, ನಾವೇ ಕೂಗುವ ದಾರಿ. ಕೊರೋನಾ ಕಾಲದಲ್ಲಿ, 2020ರ ಏಪ್ರಿಲ್‌ನಲ್ಲಿ ಬಂದ ಆರೋಗ್ಯ ಸೇತು ನೆನಪಿದೆಯಲ್ಲ? ಅದರಲ್ಲಿ ಪ್ರತಿಯೊಬ್ಬರ ಫೋನೂ ಒಂದು ಬೀಕನ್ ಆಗಿತ್ತು. ತಾನೂ ಕೂಗುತ್ತಿತ್ತು, ಹತ್ತಿರದ ಫೋನುಗಳನ್ನೂ ಕೇಳಿಸಿಕೊಳ್ಳುತ್ತಿತ್ತು. ಇಂಥ ವ್ಯವಸ್ಥೆಗೆ ಗೋಡೆ ಕಾಣುವುದಿಲ್ಲ. ಪಕ್ಕದ ಫ್ಲಾಟಿನವರು ಗೋಡೆಯಾಚೆ ಮಲಗಿದ್ದರೂ ಹತ್ತಿರ ಇದ್ದ ಹಾಗೆಯೇ. ಜೋರಿನಿಂದ ದೂರ ಅಳೆಯುವುದರ ಮಿತಿ ಅದು.

ಆದರೆ ಇವತ್ತು ನಮ್ಮನ್ನು ಹೆಚ್ಚು ಮುಟ್ಟುವುದು ಇನ್ನೊಂದು. ಕೀಲಿಗೊಂಚಲಿಗೆ, ಬ್ಯಾಗಿಗೆ ಹಾಕುವ ಟ್ಯಾಗ್. ಆಪಲ್‌ನ ಏರ್‌ಟ್ಯಾಗ್ 2021ರ ಏಪ್ರಿಲ್‌ನಲ್ಲಿ ಬಂತು, ಬೇರೆ ಕಂಪನಿಗಳ ಟ್ಯಾಗ್‌ಗಳೂ ಇವೆ. ಇದೂ ಒಂದು ಬೀಕನ್ನೇ, ಗೋಡೆಗೆ ಅಂಟದೆ ನಮ್ಮ ಜೊತೆ ತಿರುಗುತ್ತದೆ ಅಷ್ಟೇ. ಏರ್‌ಟ್ಯಾಗ್‌ನಲ್ಲಿ ಜಿಪಿಎಸ್ ಇಲ್ಲ. ಅದು ಕೂಗುತ್ತದೆ, ದಾರಿಯಲ್ಲಿ ಹೋಗುವ ಯಾರದೋ ಐಫೋನು ಅದನ್ನು ಕೇಳಿಸಿಕೊಂಡು ತಾನಿರುವ ಜಾಗವನ್ನು ಗೂಢಲಿಪಿಯಲ್ಲಿ ಕಳಿಸುತ್ತದೆ, ಟ್ಯಾಗಿನ ಒಡೆಯರಿಗೆ ಮಾತ್ರ ಅದು ಕಾಣುತ್ತದೆ. ನಡುವೆ ಅಂಚೆಯವನ ಕೆಲಸ ಮಾಡಿದ ಫೋನಿನವರಿಗೆ ಏನೂ ಗೊತ್ತಾಗುವುದಿಲ್ಲ. ವಿಮಾನದಲ್ಲಿ ಪೆಟ್ಟಿಗೆ ಕಳೆದವರಿಗೆ, ಕೀಲಿ ಎಲ್ಲೋ ಇಟ್ಟು ಮರೆಯುವವರಿಗೆ ಇದು ದೊಡ್ಡ ಅನುಕೂಲ.

ಆದರೆ ಆ ಟ್ಯಾಗನ್ನು ಯಾರಾದರೂ ನಮ್ಮ ಬ್ಯಾಗಿನ ಒಳಜೇಬಿಗೆ, ಸ್ಕೂಟರಿನ ಸೀಟಿನ ಕೆಳಗೆ ಸೇರಿಸಿದರೆ? ಆಗ ಕೂಗುತ್ತಿರುವುದು ನಾವು, ನಮಗೇ ತಿಳಿಯದೆ. ಹಲವು ದೇಶಗಳಲ್ಲಿ ಮಹಿಳೆಯರನ್ನು ಹಿಂಬಾಲಿಸಲು ಇದನ್ನು ಬಳಸಿದ ದೂರುಗಳು ಬಂದವು. ಅದರಿಂದಾಗಿ ಆಪಲ್ ಮತ್ತು ಗೂಗಲ್ ಕಂಪನಿಗಳು 2023ರ ಮೇ ತಿಂಗಳಲ್ಲಿ ಒಟ್ಟಾಗಿ ಒಂದು ನಿಯಮಾವಳಿಯ ಕರಡು ತಂದವು, 2024ರ ಮೇ ತಿಂಗಳಲ್ಲಿ ಅದು ಫೋನುಗಳಿಗೆ ಬಂತು. ಬೇರೆಯವರ ಟ್ಯಾಗ್ ನಮ್ಮ ಜೊತೆ ಚಲಿಸುತ್ತಿದ್ದರೆ ಐಫೋನೂ ಆಂಡ್ರಾಯ್ಡೂ ಎಚ್ಚರಿಕೆಯ ಸಂದೇಶ ತೋರಿಸುತ್ತವೆ. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್‌ನ 'ಸೇಫ್ಟಿ ಅಂಡ್ ಎಮರ್ಜೆನ್ಸಿ' ಒಳಗೆ 'ಅನ್‌ನೋನ್ ಟ್ರ್ಯಾಕರ್ ಅಲರ್ಟ್ಸ್' ಎಂದಿರುತ್ತದೆ. ಕೆಲವು ಫೋನುಗಳಲ್ಲಿ ಹೆಸರು ಸ್ವಲ್ಪ ಬೇರೆ ಇರಬಹುದು. ಅಲ್ಲಿಂದ ನಾವೇ ಹುಡುಕಿಯೂ ನೋಡಬಹುದು. ಈ ಎಚ್ಚರಿಕೆ ಕೆಲಸ ಮಾಡಬೇಕಾದರೆ ನಮ್ಮ ಫೋನಿನ ಬ್ಲೂಟೂತ್ ಚಾಲೂ ಇರಬೇಕು. ಬ್ಲೂಟೂತ್ ಆಫ್ ಮಾಡಿದರೆ ಸುರಕ್ಷಿತ ಎಂದುಕೊಂಡವರು ಇದನ್ನು ಗಮನಿಸಿ. ಟ್ಯಾಗ್ ಕೂಗುತ್ತಲೇ ಇರುತ್ತದೆ, ನಮ್ಮ ಫೋನಿಗೆ ಮಾತ್ರ ಕೇಳಿಸುವುದಿಲ್ಲ.

ಇಂಥ ಸಂದೇಶ ಬಂದರೆ ಗಾಬರಿಯಾಗಬೇಡಿ. ಗಂಡನ ಕೀಲಿ ನಿಮ್ಮ ಬ್ಯಾಗಿನಲ್ಲಿ ಉಳಿದಿದ್ದರೂ ಹೀಗಾಗಬಹುದು. ಕಾರಣ ತಿಳಿಯದಿದ್ದರೆ ಆ ಕ್ಷಣ ಮನೆಗೆ ಹೋಗಬೇಡಿ, ಜನರಿರುವ ಜಾಗದಲ್ಲಿ ನಿಲ್ಲಿ, ನಂಬಿಕೆಯವರಿಗೆ ಫೋನ್ ಮಾಡಿ. ಸಂದೇಶದಲ್ಲಿ ಸದ್ದು ಮಾಡಿಸುವ ಗುಂಡಿ ಇರುತ್ತದೆ, ಅದನ್ನು ಒತ್ತಿ ಹುಡುಕಿ. ಸಿಕ್ಕರೆ ಎಸೆಯಬೇಡಿ. ಏರ್‌ಟ್ಯಾಗ್ ಆದರೆ ಎನ್‌ಎಫ್‌ಸಿ ಇರುವ ಫೋನನ್ನು ಅದಕ್ಕೆ ತಾಗಿಸಿದಾಗ ಅದರ ಕ್ರಮಸಂಖ್ಯೆ ಕಾಣುತ್ತದೆ. ಅದರ ಫೋಟೋ ತೆಗೆದುಕೊಳ್ಳಿ. ಪೊಲೀಸರಿಗೆ ಅದೇ ಸಾಕ್ಷಿ. ಬ್ಯಾಟರಿ ತೆಗೆದರೆ ಕೂಗು ನಿಲ್ಲುತ್ತದೆ, ಆದರೆ ಇಟ್ಟವರಿಗೂ ಅದು ಗೊತ್ತಾಗಬಹುದು ಎಂಬ ಎಚ್ಚರವಿರಲಿ. ತುರ್ತಿಗೆ 112, ಮಹಿಳಾ ಸಹಾಯವಾಣಿ 181. ಬೇಡ ಎಂದು ಸ್ಪಷ್ಟವಾಗಿ ತೋರಿಸಿದ ಮೇಲೂ ಮಹಿಳೆಯನ್ನು ಹಿಂಬಾಲಿಸಿ ಸಂಪರ್ಕಿಸಲು ಪ್ರಯತ್ನಿಸುವುದು, ಅವಳ ಇಂಟರ್ನೆಟ್, ಇಮೇಲ್ ಬಳಕೆಯ ಮೇಲೆ ಕಣ್ಣಿಡುವುದು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮಿನಡಿ ಅಪರಾಧ.

ಇನ್ನೊಂದು ಮಾತನ್ನು ಹೇಳಲೇಬೇಕು. ಟ್ಯಾಗ್ ಇಡುವವರು ಯಾವಾಗಲೂ ಹೊರಗಿನವರೇ ಎಂದಿಲ್ಲ. ಕಾಲೇಜಿಗೆ ಹೋಗುವ ಮಗಳ ಬ್ಯಾಗಿನಲ್ಲಿ, ಮರೆವಿನ ಕಾಯಿಲೆ ಇರುವ ಅತ್ತೆಯ ಪರ್ಸಿನಲ್ಲಿ ನಾವೇ ಇಡಬಹುದು. ಕಾಳಜಿಯಿಂದಲೇ ಇಡುತ್ತೇವೆ. ಆದರೆ ಏರ್‌ಟ್ಯಾಗ್ ವಸ್ತುಗಳಿಗಾಗಿ, ಮನುಷ್ಯರಿಗಾಗಲಿ ಪ್ರಾಣಿಗಳಿಗಾಗಲಿ ಅಲ್ಲ ಎಂದು ಅದನ್ನು ಮಾಡಿದವರೇ ಹೇಳಿದ್ದಾರೆ. ಸುತ್ತ ಫೋನುಗಳಿಲ್ಲದ ಕಡೆ ಅದು ಏನನ್ನೂ ಹೇಳಲಾರದು, ಅದನ್ನೇ ನಂಬಿ ಹಿರಿಯರನ್ನು ಒಬ್ಬರೇ ಕಳಿಸುವಂತಿಲ್ಲ. ಇನ್ನು ಮಗಳ ವಿಷಯ. ಹೇಳಿ ಇಟ್ಟರೆ ಅದು ಕಾವಲು, ಹೇಳದೆ ಇಟ್ಟರೆ ಅದು ಬೇಹುಗಾರಿಕೆ. ಒಂದು ದಿನ ಅವಳ ಫೋನೇ ಅವಳಿಗೆ ಎಚ್ಚರಿಕೆ ಕೊಡುತ್ತದೆ. ಯಾರೋ ಹಿಂಬಾಲಿಸುತ್ತಿದ್ದಾರೆ ಎಂದು ಆ ಹುಡುಗಿ ನಡುಗಿ, ಕೊನೆಗೆ ಅದು ಅಮ್ಮನದು ಎಂದು ತಿಳಿದರೆ ಅವಳಿಗೆ ಸಮಾಧಾನಕ್ಕಿಂತ ನೋವೇ ಹೆಚ್ಚಾಗುತ್ತದೆ. ಮೊದಲೇ ಕೂತು ಮಾತಾಡಿ. ಬೇಡ ಎಂದರೆ ಆ ಬೇಡವನ್ನು ಒಪ್ಪಿಕೊಳ್ಳಿ.

ಕೊನೆಯದಾಗಿ ನಮ್ಮ ವೇದಿಕೆಗೆ ಒಂದು ಸಲಹೆ. ನಮ್ಮ ಸದಸ್ಯೆಯರಲ್ಲಿ ಆಸ್ಪತ್ರೆ, ಕಾಲೇಜು, ಹೌಸಿಂಗ್ ಸೊಸೈಟಿ ಸಮಿತಿಗಳಲ್ಲಿ ಇರುವವರು ಬಹಳ ಮಂದಿ ಇದ್ದಾರೆ. ಕಟ್ಟಡದೊಳಗೆ ದಾರಿ ತೋರುವ ವ್ಯವಸ್ಥೆ ಹಾಕುವ ಮಾತು ಬಂದಾಗ ಮೂರು ಪ್ರಶ್ನೆ ಕೇಳಿ. ಜಾಗದ ಲೆಕ್ಕ ಫೋನಿನ ಒಳಗೇ ಆಗುತ್ತದೆಯೋ, ಹೊರಗೆ ಹೋಗುತ್ತದೆಯೋ? ಹೆಸರು, ಮೊಬೈಲ್ ನಂಬರು ಕೊಡದೆ ಬಳಸಬಹುದೋ? ಕಣ್ಣು ಕಾಣದವರಿಗೆ ಧ್ವನಿಯಲ್ಲಿ, ಮರಾಠಿ ಹಿಂದಿಯ ಜೊತೆಗೆ ಬೇರೆ ಭಾಷೆಗಳಲ್ಲೂ ಹೇಳಬಲ್ಲದೋ? ಊರಿನಿಂದ ಚಿಕಿತ್ಸೆಗೆ ಬಂದ, ಕನ್ನಡ ಬಿಟ್ಟು ಬೇರೆ ಬಾರದ ಅಜ್ಜಿಗೆ ಫೋನು ಕನ್ನಡದಲ್ಲಿ 'ಬಲಗಡೆ ಲಿಫ್ಟ್ ಇದೆ' ಎಂದರೆ ಎಷ್ಟು ಧೈರ್ಯ! ಅದಕ್ಕೆ ಹೊಸ ಬೀಕನ್ ಬೇಕಿಲ್ಲ. ಬೀಕನ್ ಕೂಗುವುದು ಬರೀ ಸಂಖ್ಯೆ, ಭಾಷೆ ಸೇರಿಸಬೇಕಾದದ್ದು ಆ್ಯಪ್‌ನಲ್ಲಿ. ಕೇಳುವವರಿದ್ದರೆ ಮಾಡುವವರೂ ಇರುತ್ತಾರೆ.

ಚಹಾದ ಸಮಯದಲ್ಲಿ ನಾನು ಇಲ್ಲೇ ಹಿಂದಿನ ಸಾಲಿನಲ್ಲಿ ಇರುತ್ತೇನೆ. ಫೋನಿನ ಆ ಸೆಟ್ಟಿಂಗ್ ಸಿಗದವರು ಬನ್ನಿ, ಒಟ್ಟಿಗೆ ನೋಡೋಣ.